ಚಂದ್ರ ಕಂಡರೆ

ಪರದೆಯ ಮೇಲೆ ಏಳನೇ ಪಂಕ್ತಿಯ ಗೆರೆಗಳೆಲ್ಲ ಒಟ್ಟಿಗೇ ಇಳಿಯತೊಡಗಿದಾಗ ಜೈತೂನ ಇನ್ನೂ ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದಳು.

"ಇದೇನಿದು?" ಎಂದಳು. ಒಂದು ಚಪ್ಪಲಿ ಕಾಲಲ್ಲೇ ಇತ್ತು.

ಚನ್ನವೀರ ಚಹದ ಲೋಟ ಹಿಡಿದುಕೊಂಡೇ ಕುರ್ಚಿಯಲ್ಲಿ ಅರ್ಧ ತಿರುಗಿದ. "ಏನ ಮೇಡಂ, ಹಬ್ಬದ ದಿನಾನೂ ಡ್ಯೂಟಿ? ಸುರಕುಂಬಾ ಡಬ್ಬಿ ಎಲ್ಲೈತಿ ಮೊದಲ ಹೇಳ್ರಿ."

"ಏಳನೇ ಪಂಕ್ತಿಗೆ ಏನ ಬಿಟ್ಟಿ?"

"ಹಬ್ಬದ ಡೋಸು. ನೀವು ಬರೂಕಿಂತ ಅರ್ಧ ತಾಸು ಮೊದಲ. ನಮಾಜಿಗೆ ಹೊಂಡೂ ಮುಂದ ಬಾಯಿ ಸಿಹಿ ಮಾಡ್ತೀರಲ್ಲ, ಅದಕ್ಕ."

"ಹಬ್ಬ ಇವತ್ತಲ್ಲ."

ಚನ್ನವೀರ ನಕ್ಕ. ಅವಳು ನಗಲಿಲ್ಲ. ಅವನ ನಗು ಬಾಯಲ್ಲೇ ಉಳಿದು, ಏನು ಮಾಡಬೇಕೆಂದು ತಿಳಿಯದೆ ನಿಂತಿತು.

"ಚಂದ್ರ ಕಂಡಿಲ್ಲ ಚನ್ನವೀರ. ನಿನ್ನೆ ಸಂಜಿ ಪೂರಾ ಮಾಡಾ ಮುಚ್ಚಿತ್ತು. ಹಬ್ಬ ನಾಳೆ. ಇವತ್ತ ಎಲ್ಲಾರೂ ರೋಜಾ ಅದಾರ. ನಾನೂ ರೋಜಾ ಅದೀನಿ."

ಅವನ ಹೆಗಲ ಮೇಲಿಂದ ಬಾಗಿ ಅವಳೇ ಕೆಂಪು ಗುಂಡಿ ಒತ್ತಿದಳು. ಏಳನೇ ಪಂಕ್ತಿಯ ನಾನೂರು ಚಿಲ್ಲರೆ ಗೂಡುಗಳು ಆ ಕ್ಷಣವೇ ಬಾಯಿ ಮುಚ್ಚಿದವು. ಪರದೆಯ ಮೂಲೆಯಲ್ಲಿ ಹಸಿರು ಅಕ್ಷರದಲ್ಲಿ 'ನಿಂತಿದೆ' ಎಂದು ಬಂತು.

ಗೆರೆಗಳು ನಿಲ್ಲಲಿಲ್ಲ.

"ನಿಂತೈತಲ್ರಿ," ಎಂದ ಚನ್ನವೀರ. ಕೇಳಿದಂತಿತ್ತು, ಬೇಡಿಕೊಂಡಂತೆಯೂ ಇತ್ತು.

"ಗೂಡು ನಿಂತೈತಿ. ಹೊರಗ ಬಂದಿದ್ದು ನಿಂದರೂದಿಲ್ಲ."

ಗದಗ ಪಟ್ಟಣದ ಆ ಕಟ್ಟಡ ಒಂದು ಕಾಲಕ್ಕೆ ಹತ್ತಿಯ ಜಿನ್ನಿಂಗ್ ಮಿಲ್ಲಾಗಿತ್ತು. ಈಗ ಕಿಟಕಿಗಳನ್ನೆಲ್ಲ ಮುಚ್ಚಿ, ತಣ್ಣಗಿನ ಗಾಳಿ ತುಂಬಿ, ಗೋಡೆಯುದ್ದಕ್ಕೂ ಪರದೆ ಕೂರಿಸಿದ್ದರು. ಹೊರಗೆ ಬೋರ್ಡಿನ ಮೇಲೆ ಉದ್ದನೆಯ ಸರಕಾರಿ ಹೆಸರಿತ್ತು. ಒಳಗೆ ಕೆಲಸ ಮಾಡುವವರು ಅದನ್ನು ಮೂಗು ಎನ್ನುತ್ತಿದ್ದರು.

ಮೂಗು ಎಂಬ ಹೆಸರಿಗೆ ಕಾರಣವಿತ್ತು. ಆರೋಗ್ಯವಾಗಿರುವ ಮನುಷ್ಯನ ಮೇದೋಜೀರಕ ಊಟಕ್ಕಾಗಿ ಕಾಯುವುದಿಲ್ಲ. ಒಗ್ಗರಣೆಯ ವಾಸನೆ ಮೂಗಿಗೆ ಬಡಿದಾಗಲೇ, ಮೊದಲ ತುತ್ತು ನಾಲಿಗೆಗೆ ತಾಗಿದಾಗಲೇ ಅದು ಒಂದಿಷ್ಟು ಇನ್ಸುಲಿನ್ ಬಿಟ್ಟು ದಾರಿ ಸಿದ್ಧಮಾಡಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಒಂದು ಬಗೆಯುಂಟು. ಅದರಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳೇ ಸತ್ತುಹೋಗಿರುತ್ತವೆ. ಅಂಥವರ ಹೊಕ್ಕುಳ ಪಕ್ಕದಲ್ಲಿ, ಚರ್ಮದಡಿ, ಖರ್ಜೂರದಷ್ಟು ದೊಡ್ಡ ಮೆತ್ತನೆಯ ಚೀಲವೊಂದನ್ನು ಇಡುತ್ತಿದ್ದರು. ಅದರೊಳಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಂತ ಕೋಶಗಳು. ಅದೇ ಗೂಡು. ರಕ್ತದಲ್ಲಿ ಸಕ್ಕರೆ ಏರಿದರೆ ಗೂಡಿಗೆ ತಾನೇ ತಿಳಿಯುತ್ತಿತ್ತು, ನಿಜ. ಆದರೆ ತಡವಾಗಿ ತಿಳಿಯುತ್ತಿತ್ತು. ಚರ್ಮದಡಿಯಿಂದ ಹೊರಟ ಇನ್ಸುಲಿನ್ ರಕ್ತಕ್ಕೆ ಸೇರುವಷ್ಟರಲ್ಲಿ ಊಟದ ಸಕ್ಕರೆ ಮೇಲೇರಿ ಕೂತಿರುತ್ತಿತ್ತು. ಊಟ ಬರುತ್ತಿದೆ ಎಂದು ಗೂಡಿಗೆ ಯಾರಾದರೂ ಮುಂಚೆಯೇ ಹೇಳಬೇಕಿತ್ತು. ಅದಕ್ಕೆ ಮೂಗಿರಲಿಲ್ಲ. ಈ ಕಟ್ಟಡವೇ ಅದರ ಮೂಗು.

ಒಬ್ಬ ಮನುಷ್ಯ ಯಾವಾಗ ಉಣ್ಣುತ್ತಾನೆಂದು ಹೇಳುವುದು ಕಷ್ಟ. ಒಂದು ಊರು ಯಾವಾಗ ಉಣ್ಣುತ್ತದೆಂದು ಹೇಳುವುದು ಸುಲಭ. ಸೋಮವಾರ ಒಪ್ಪತ್ತು ಮಾಡುವವರು, ಅಮಾವಾಸ್ಯೆಗೆ ಹೋಳಿಗೆ ಉಣ್ಣುವವರು, ಪಾಳಿ ಮುಗಿಸಿ ಹೊತ್ತು ಮೀರಿ ರೊಟ್ಟಿ ಮುರಿಯುವವರು, ಹೀಗೆ ಊರನ್ನು ಊಟದ ಪ್ರಕಾರ ಪಂಕ್ತಿಗಳಾಗಿ ಹಂಚಿದ್ದರು. ಪಂಕ್ತಿ ಎಂದು ಹೆಸರಿಟ್ಟವರು ಯಾರೋ. ಆ ಶಬ್ದದ ಹಳೆಯ ಕಹಿ ಅವರ ನಾಲಿಗೆಗೆ ತಾಗಿರಲಿಕ್ಕಿಲ್ಲ.

ಏಳನೇ ಪಂಕ್ತಿ ರಮಜಾನಿನ ಉಪವಾಸ ಹಿಡಿದವರದು.

"ಸಹರಿ ಹೊತ್ತಿಗೆ ಗೆರಿ ಏರಿದ್ದು ಕಾಣಲಿಲ್ಲೇನು ನಿನಗ?" ಜೈತೂನ ಕೀಲಿಮಣೆ ತನ್ನ ಕಡೆ ಎಳೆದುಕೊಂಡಳು. "ನಸುಕಿನ್ಯಾಗ ಎಲ್ಲಾರೂ ಎದ್ದು ಉಂಡಾರಲ್ಲ!"

"ಕಂಡಿತ್ರಿ." ಚನ್ನವೀರನ ದನಿ ಸಣ್ಣದಾಗಿತ್ತು. ಹಿಂದಿನ ಸಂಜೆಯಿಂದ ಈ ಕಿಟಕಿಯಿಲ್ಲದ ಕಟ್ಟಡದಲ್ಲೇ ಕೂತಿದ್ದವನು ಅವನು. "ಹಬ್ಬದ ಅಡಗಿ ಶುರು ಆಗೇತಿ, ರುಚಿ ನೋಡ್ಲಿಕ್ಕೆ ಹತ್ಯಾರ ಅಂದ್ಕೊಂಡೆ."

"ನಾನೂರು ಮಂದಿ ಒಮ್ಮಿಗೇ ರುಚಿ ನೋಡ್ತಾರೇನು?"

"ಹೋದ ವಾರ ಚಹಾ ಕುಡಿಯೂ ಮುಂದ ನಿಮ್ಮನ್ನ ಕೇಳಿದ್ನಲ್ರಿ, ಹಬ್ಬ ಯಾವಾಗ ಅಂತ. ಗುರುವಾರ ಅಂದ್ರಿ. ಕ್ಯಾಲೆಂಡರಿನ್ಯಾಗೂ ಗುರುವಾರ ಐತಿ. ಹಾಕಿದೆ."

"ಚಂದ್ರ ಕಂಡ್ರ ಗುರುವಾರ ಅಂದಿದ್ದೆ."

"ಕಂಡ್ರ ಅಂತ ಹಾಕಾಕ ಅದರಾಗ ಜಾಗ ಇಲ್ರಿ ಮೇಡಂ. ತಾರೀಖು ಅಷ್ಟಽ ಕೇಳ್ತೈತಿ ಅದು."

ಅವಳ ಕಣ್ಣು ಆಗಲೇ ಇನ್ನೂರ ಹನ್ನೊಂದನೇ ಗೆರೆಯನ್ನು ಹುಡುಕಿಕೊಂಡಿತ್ತು. ಅದು ಅವಳ ಅವ್ವ.

ಫೋನು ಹಚ್ಚಿದಳು. ಗಂಟೆ ಬಾರಿಸಿತು, ನಿಂತಿತು. ಮತ್ತೆ ಹಚ್ಚಿದಳು. ಅವ್ವನ ಫೋನು ಎಲ್ಲಿರುತ್ತದೆಂದು ಅವಳಿಗೆ ಗೊತ್ತಿತ್ತು. ಅಡಿಗೆಮನೆಯ ಗೋಡೆಯ ಹಲಗೆಯ ಮೇಲೆ, ಚಾರ್ಜಿಗೆ ಹಾಕಿ, ಮೇಲೊಂದು ಟವೆಲು ಮುಚ್ಚಿ. ಅವ್ವ ಎಲ್ಲಿರುತ್ತಾಳೆಂದೂ ಗೊತ್ತಿತ್ತು. ಸಹರಿ ಉಂಡು, ನಮಾಜು ಮುಗಿಸಿ, ಅಪ್ಪ ಹತ್ತಿ ಇಡುತ್ತಿದ್ದ ಕೋಣೆಯಲ್ಲಿ ಮಲಗಿರುತ್ತಾಳೆ. ರಮಜಾನಿನಲ್ಲಿ ಆ ಓಣಿಯೆಲ್ಲ ಬೆಳಗಿನ ಈ ಹೊತ್ತಿಗೆ ಮಲಗಿರುತ್ತದೆ.

ನಿದ್ದೆಯಲ್ಲಿ ಸಕ್ಕರೆ ಇಳಿದರೆ ಮೈ ಬೆವರುತ್ತದೆ. ಎಚ್ಚರವಾಗುತ್ತದೆಂಬ ಭರವಸೆಯಿಲ್ಲ.

*

ಹಿಂದಿನ ಸಂಜೆ ಜೈತೂನಳ ಅವ್ವ ದಾವಲಬಿ ಮಾಳಿಗೆ ಹತ್ತಿದ್ದಳು. ಮೊಣಕಾಲು ನೋವಿನವಳು, ಏಣಿಯ ಒಂದೊಂದು ಮೆಟ್ಟಿಲನ್ನೂ ಬೈಯುತ್ತ ಹತ್ತಿದ್ದಳು. ಓಣಿಯ ಮಾಳಿಗೆಗಳ ಮೇಲೆಲ್ಲ ಜನ. ಪಶ್ಚಿಮಕ್ಕೆ ಮೋಡ ದಪ್ಪಗಿತ್ತು, ಹಿಂಜದ ಹತ್ತಿಯಂತೆ ಗಂಟುಗಂಟಾಗಿ.

"ನಿಮ್ಮಪ್ಪ ಇದ್ದಿದ್ರ ಬಿಲ್ಲು ತಗೊಂಡು ಹಿಂಜಿ ಬಿಡತಿದ್ದ ಈ ಮಾಡಾನ," ಎಂದಿದ್ದಳು. ಮೌಲಾಸಾಬ ನದಾಫ ಗಾದಿ ಹೊಲಿಯುವವನು. ಅವನ ಹತ್ತಿ ಹಿಂಜುವ ಬಿಲ್ಲು, ಆಳೆತ್ತರದ್ದು, ಈಗಲೂ ಹೊರಗಿನ ಕಟ್ಟೆಯ ಮೇಲೆ ಗೋಡೆಗೆ ಒರಗಿ ನಿಂತಿತ್ತು. ಅದರ ನರದ ದಾರಕ್ಕೆ ಯಾರಾದರೂ ಕೈ ತಾಗಿಸಿದರೆ ಓಣಿಗೆಲ್ಲ ಕೇಳುತ್ತಿತ್ತು.

"ಕಾಣೂದಿಲ್ಲ ಬಿಡವ್ವಾ, ಇಳಿ ಕೆಳಗ," ಎಂದಳು ಜೈತೂನ. "ನಾಳೆ ನಾ ರಜಾ ಹಾಕಿದ್ದೆ. ಇನ್ನ ಡ್ಯೂಟಿಗೆ ಹೋಗೂದು ಬಂತು."

ಮುಂದಿನ ಮಾಳಿಗೆಯಿಂದ ನೀಲವ್ವ ಕೂಗಿದಳು. ರೊಟ್ಟಿ ಮಾಡಿ ಮಾರುವವಳು. ಚಂದ್ರ ಕಂಡರೆ ಬೆಳಗಿನ ರೊಟ್ಟಿ ಕಡಿಮೆ ಮಾಡಬೇಕು, ಕಾಣದಿದ್ದರೆ ಸಂಜೆಗೆ ಜಾಸ್ತಿ. ಅವಳಿಗೂ ಆ ಚಂದ್ರ ಬೇಕಾಗಿತ್ತು.

"ಏನಬೇ ದಾವಲಬಿ, ಕಂಡನೇನು ನಿನ್ನ ಮಾವ?"

"ನಿನ್ನ ಮಾರಿ ನೋಡಿ ಅಡಗ್ಯಾನ ನೋಡು!"

ಎರಡೂ ಮಾಳಿಗೆ ನಕ್ಕವು. ಮಸೀದಿಯ ಮೈಕಿನಲ್ಲಿ ಪೇಶಇಮಾಮ ಗೌಸುಸಾಬ ಚಂದ್ರ ಕಂಡಿಲ್ಲವೆಂದು, ನಾಳೆಯೂ ರೋಜಾ ಎಂದು ಸಾರಿದ. ಓಣಿಯ ಹುಡುಗಿಯರು ಉಫ್ ಎಂದರು. ದಾವಲಬಿಯ ಮುಖ ಮಾತ್ರ ಅರಳಿತು.

"ಮತ್ತೊಂದು ಸಿಕ್ತು," ಎಂದಳು.

ಜೈತೂನ ಹುಟ್ಟುವ ಮೊದಲೇ ದಾವಲಬಿಗೆ ಸಕ್ಕರೆ ಕಾಯಿಲೆ ಬಂದಿತ್ತು. ದಿನಕ್ಕೆ ನಾಲ್ಕು ಸೂಜಿ. ರೋಜಾ ಹಿಡಿಯಬೇಡ ಎಂದು ಡಾಕ್ಟರು ಹೇಳಿದ್ದರು, ಗೌಸುಸಾಬನೂ ಹೇಳಿದ್ದ. ರೋಗಿಗೆ ಮಾಫಿ ಇದೆ, ಬಡವರಿಗೊಂದು ಊಟ ಹಾಕು, ಸಾಕು. ಅವಳು ಊಟ ಹಾಕುತ್ತಿದ್ದಳು. ಆದರೆ ಹಗಲು ತಾನು ಉಣ್ಣುವಾಗ ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಗೋಡೆಗೆ ಮುಖ ಮಾಡಿ ನಿಂತು ಉಣ್ಣುತ್ತಿದ್ದಳು. ಯಾರೂ ಏನೂ ಅಂದಿರಲಿಲ್ಲ. ಬಾಗಿಲು ಮುಚ್ಚೆಂದು ಯಾರೂ ಹೇಳಿರಲಿಲ್ಲ. ಜೈತೂನ ಸಣ್ಣವಳಿದ್ದಾಗ ಆ ಬೆನ್ನನ್ನು ನೋಡಿದ್ದಳು. ಮೂಗಿನಲ್ಲಿ ಕೆಲಸ ಸಿಕ್ಕ ಮೇಲೆ ಅವಳು ಮಾಡಿದ ಮೊದಲ ಕೆಲಸ ಅವ್ವನ ಹೊಟ್ಟೆಯಲ್ಲಿ ಗೂಡು ಇಡಿಸಿದ್ದು.

ಉಪವಾಸದ ದಿನಗಳಲ್ಲಿ ಮೂಗು ಗೂಡುಗಳಿಗೆ ಸುಮ್ಮನಿರಲು ಹೇಳುತ್ತಿತ್ತು. ಜೀವ ಹಿಡಿಯುವಷ್ಟು ತೊಟ್ಟಿಕ್ಕಿದರೆ ಸಾಕು. ಹಾಗೆ ಈ ವರ್ಷ ದಾವಲಬಿ ತಿಂಗಳು ಪೂರ್ತಿ ರೋಜಾ ಹಿಡಿದಿದ್ದಳು. ಸಂಜೆ ಖರ್ಜೂರ ಬಾಯಿಗಿಡುವಾಗ ಅವಳು ಬಾಗಿಲು ತೆರೆದಿಟ್ಟು, ಓಣಿಗೆ ಮುಖ ಮಾಡಿ ಕೂರುತ್ತಿದ್ದಳು.

*

"ಮೆಸೇಜ್ ಎಲ್ಲಾರಿಗೂ ಹೋಗ್ಯಾವ," ಎಂದರು ಫೋನಿನಲ್ಲಿ ಡಾಕ್ಟರ್ ಹೆಬ್ಬಳ್ಳಿ. ಮೂಗಿನ ಮುಖ್ಯಸ್ಥರು. ಧಾರವಾಡದಿಂದ ಕಾರಿನಲ್ಲಿ ಬರುತ್ತಿದ್ದರು. ಹಿಂದೆ ಹಾರ್ನು ಕೇಳುತ್ತಿತ್ತು. "ಆಂಬುಲೆನ್ಸಿಗೂ ಹೇಳೀನಿ. ನೀವು ಗಾಬರಿ ಆಗಬ್ಯಾಡ್ರಿ."

"ಮಲಗಿದವರು ಮೆಸೇಜ್ ಓದ್ತಾರೇನ್ರಿ ಸರ್? ಮಸೀದಿ ಮೈಕಿನ್ಯಾಗ ಹೇಳಸ್ತೀನಿ."

"ಬ್ಯಾಡ. ಊರೆಲ್ಲಾ ಗದ್ದಲ ಆಗ್ತದ. ಬ್ಯಾರೆ ಪಂಕ್ತಿಯವರೂ ಹೆದರಿ ಸಕ್ಕರಿ ತಿನ್ನಲಿಕ್ಕೆ ಶುರು ಮಾಡ್ತಾರ. ಮೊದಲ ನಾನು ಬರ್ತೀನಿ, ಕೂತು—"

ಜೈತೂನ ಫೋನು ಕತ್ತರಿಸಿದಳು. ಪರದೆಯ ಮೇಲೆ ಇನ್ನೂರ ಹನ್ನೊಂದನೇ ಗೆರೆ ಎಪ್ಪತ್ತಕ್ಕೆ ಬಂದಿತ್ತು. ಎಪ್ಪತ್ತರ ಕೆಳಗೆ ಗೆರೆ ಹಳದಿಯಾಗುತ್ತದೆ. ಆದರೆ ಆ ಅಂಕಿಯೂ ಈಗಿನದಲ್ಲ. ಗೂಡು ನೋಡುವುದು ರಕ್ತವನ್ನಲ್ಲ, ಚರ್ಮದಡಿಯ ನೀರನ್ನು. ರಕ್ತದಲ್ಲಾದ ಬದಲಾವಣೆ ಅಲ್ಲಿಗೆ ಇಳಿಯಲು ಹೊತ್ತು ಬೇಕು. ಪರದೆಯ ಮೇಲಿರುವುದು ಹತ್ತು ನಿಮಿಷ ಹಿಂದಿನ ಅವ್ವ. ಈಗಿನ ಅವ್ವ ಎಷ್ಟರಲ್ಲಿದ್ದಾಳೆಂದು ಯಾವ ಪರದೆಗೂ ಗೊತ್ತಿಲ್ಲ.

ಹಸಿದ ಮೈಯಲ್ಲಿ ಈ ಹೊತ್ತು ಏನು ನಡೆಯುತ್ತಿರುತ್ತದೆ ಎಂಬುದು ಮಾತ್ರ ಅವಳಿಗೆ ಬೇಡವೆಂದರೂ ಗೊತ್ತಿತ್ತು. ಇನ್ಸುಲಿನ್ ಹಸಿವಿಗೆ ಮದ್ದಲ್ಲ, ಊಟಕ್ಕೆ ಮದ್ದು. ಅದು ರಕ್ತದಲ್ಲಿ ಓಡಾಡುತ್ತಿದ್ದರೆ ಮೈಗೆ ಊಟವಾಗಿದೆ ಎಂದೇ ಅರ್ಥ. ಸ್ನಾಯುಗಳು ಆ ಮಾತು ನಂಬಿ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತವೆ. ಯಕೃತ್ತು ಉಪವಾಸದವರಿಗಾಗಿ ಕೂಡಿಟ್ಟ ಸಕ್ಕರೆಯನ್ನು ತೊಟ್ಟುತೊಟ್ಟಾಗಿ ಬಿಡುತ್ತಿದ್ದದ್ದು, ಇನ್ನು ಬೇಡವಲ್ಲ ಎಂದು ಕೈ ಮುಚ್ಚುತ್ತದೆ. ಊಟ ಬರುವುದಿಲ್ಲ. ಕೊನೆಗೆ ಕೂಡಿಡಲು ಜಾಗವಿಲ್ಲದ, ಪ್ರತಿಕ್ಷಣ ರಕ್ತದಿಂದಲೇ ಉಣ್ಣುವ ಮಿದುಳು ಒಂದೇ ಖಾಲಿ ತಾಟಿನ ಮುಂದೆ ಕೂರುತ್ತದೆ.

"ಗೌಸು ಕಾಕಾ, ನಾ ಜೈತೂನ. ಗಾದಿ ಮೌಲಾಸಾಬನ ಮಗಳು."

"ಏನ ಯವ್ವಾ, ಇಷ್ಟ ಮುಂಜಾನೆ?"

"ನಮ್ಮ ಆಫೀಸಿನ್ಯಾಗ ಇವತ್ತ ಹಬ್ಬ ಅಂತ ತಿಳ್ಕೊಂಡು ಗೂಡಿಗೆ ಹಬ್ಬದ ಡೋಸು ಬಿಟ್ಟಾರ. ಎಲ್ಲಾರ ಸಕ್ಕರಿ ಇಳ್ಯಾಕ ಹತ್ತೇತಿ. ಮೈಕಿನ್ಯಾಗ ಹೇಳ್ರಿ. ಗೂಡು ಇದ್ದವರು ಈಗಿಂದೀಗ ರೋಜಾ ಬಿಡಬೇಕು. ಸಕ್ಕರಿ, ಬೆಲ್ಲ, ಕೈಗೆ ಸಿಕ್ಕಿದ್ದು ತಿನ್ನಬೇಕು."

"ಯಾರು ಹೇಳ್ಯಾರ ಅನ್ಲಿ?"

"ನಾ ಹೇಳೀನಿ ಅನ್ರಿ."

"ನಿನ್ನ ಹೆಸರಿಗೆ ಯಾರೂ ಎದ್ದು ಬೆಲ್ಲ ತಿನ್ನೂದಿಲ್ಲ. ನನ್ನ ಹೆಸರಿಗೆ ತಿಂತಾರ. ಇಡು ಫೋನು."

ಅವಳು ಮಿಲ್ಲಿನ ದೊಡ್ಡ ಬಾಗಿಲು ತೆರೆದಿಡಲು ಚನ್ನವೀರನಿಗೆ ಹೇಳಿದಳು. ಎರಡು ಓಣಿ ಆಚೆಯಿಂದ ಮೈಕು ಕೆಮ್ಮಿತು. ಗೌಸುಸಾಬನ ದನಿಯಲ್ಲಿ ಗಾಬರಿಯಿರಲಿಲ್ಲ, ಸಿಟ್ಟಿತ್ತು. ಗೂಡು ಇದ್ದವರೆಲ್ಲಾ ಏಳ್ರಿ. ಜೀವ ಉಳಿಸಿಕೊಳ್ಳೂದು ಫರ್ಜ್ ಐತಿ, ಮಾಡಽಬೇಕು. ಬೆಲ್ಲ ತಿನ್ರಿ. ಮಗ್ಗಲ ಮನಿಯವರನ್ನ ಎಬ್ಬಸ್ರಿ. ಮತ್ತೆ ಮತ್ತೆ ಅದನ್ನೇ ಹೇಳಿದ. ಇನ್ನೊಂದು ಮಸೀದಿಯ ಮೈಕು ಅದನ್ನೆತ್ತಿಕೊಂಡಿತು. ಆಮೇಲೆ ಮತ್ತೊಂದು.

ಪರದೆಯ ಮೇಲೆ ಏನೂ ಆಗಲಿಲ್ಲ. ಆಗಲಾರದು. ಹತ್ತು ನಿಮಿಷ.

"ನೀವು ಮನಿಗೆ ಹೋಗ್ರಿ ಮೇಡಂ," ಎಂದ ಚನ್ನವೀರ. "ನಾ ನೋಡ್ಕೋತೀನಿ."

ಅವಳು ಎದ್ದಳು. ಕೂತಳು. ಓಡಿದರೂ ಇಪ್ಪತ್ತು ನಿಮಿಷದ ದಾರಿ. ಆ ಇಪ್ಪತ್ತು ನಿಮಿಷ ಅವ್ವ ಗೆರೆಯಾಗಿಯೂ ಕಾಣುವುದಿಲ್ಲ. ಅವಳು ನೀಲವ್ವನಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಮೊದಲು ಕೇಳಿದ್ದು ರೊಟ್ಟಿ ಬಡಿಯುವ ಸಪ್ಪಳ.

"ಚಿಗವ್ವಾ, ಅವ್ವನ್ನ ಎಬ್ಬಸು! ಬೆಲ್ಲ ತಗೊಂಡು ಹೋಗು!"

"ಮೈಕಿನ್ಯಾಗ ಒದರಾಕ ಹತ್ತಿದ್ದು ಅದಽ ಏನು? ತಡಿ, ಹೊಂಟೆ." ತವೆ ಕೆಳಗಿಳಿಸಿದ ಸದ್ದು. ಬಳೆಗಳು. ಓಣಿಯ ಗದ್ದಲ, ಯಾರೋ ಯಾರನ್ನೋ ಕೂಗುವುದು. ಆಮೇಲೆ ಬಾಗಿಲು ಬಡಿಯುವ ಸದ್ದು. "ದಾವಲಬೀ! ಏ ದಾವಲಬೀ! ... ಒಳಗಿಂದ ಅಗಳಿ ಹಾಕ್ಯಾಳಲ್ಲಬೇ ಜೈತೂ."

ಹಾಕಿರುತ್ತಾಳೆ. ತಾನು ಹೊರಟಾಗ ಅವ್ವನೇ ಹಿಂದೆ ಬಂದು ಹಾಕಿಕೊಂಡದ್ದು. ಅಗಳಿ ಕೂತ ಸದ್ದು ಕೇಳಿಯೇ ಜೈತೂನ ಮೆಟ್ಟಿಲಿಳಿದಿದ್ದಳು.

ಇನ್ನೂರ ಹನ್ನೊಂದು ಹಳದಿಯಾಯಿತು. ಐವತ್ತೆಂಟು. ಪಕ್ಕದ ಕೆಲವು ಗೆರೆಗಳು ಇಳಿಯುವುದನ್ನು ನಿಲ್ಲಿಸಿದ್ದವು. ಮೈಕಿಗಿಂತ ಮೊದಲೇ ತಮ್ಮಷ್ಟಕ್ಕೆ ಎಚ್ಚರವಾದವರು ಅವರು. ಚನ್ನವೀರ ಒಂದೊಂದನ್ನೇ ಬೆರಳಿನಿಂದ ತೋರಿಸುತ್ತ, "ಇದು ನಿಂತ್ತು, ಇದು ನಿಂತ್ತು" ಎನ್ನುತ್ತಿದ್ದ. ಇನ್ನೂರ ಹನ್ನೊಂದರ ಹತ್ತಿರ ಬಂದಾಗ ಬೆರಳು ಹಾರಿ ಮುಂದೆ ಹೋಯಿತು.

"ಕಿಟಕ್ಯಾಗಿಂದ ಕಾಣ್ತಾಳೇನು ಚಿಗವ್ವಾ?"

"ಕಾಣ್ತಾಳ. ಮಲಗ್ಯಾಳ. ಕೂಗಿದ್ರ ಹೂಂ ಅನ್ನವಲ್ಲಳು. ಅಗಳಿ ಕೈಗೆ ನಿಲುಕೂದಿಲ್ಲ... ತಡಿ. ತಡಿ."

ಫೋನನ್ನು ಎಲ್ಲೋ ಇಟ್ಟ ಸದ್ದು. ಆಮೇಲೆ ಜೈತೂನಳ ಕಿವಿಯಲ್ಲಿ ಒಂದು ದೊಡ್ಡ ಝೇಂಕಾರ ಎದ್ದಿತು. ಅಪ್ಪ ಸತ್ತ ಮೇಲೆ ಅವಳು ಕೇಳದಿದ್ದ ನಾದ. ನೀಲವ್ವ ಕಟ್ಟೆಯ ಮೇಲಿನ ಬಿಲ್ಲನ್ನು ಎತ್ತಿಕೊಂಡಿದ್ದಳು. ಕಿಟಕಿಯ ಸರಳಿನ ನಡುವೆ ತೂರಿಸಿ ಅಗಳಿಗೆ ಗುರಿ ಹಿಡಿಯುತ್ತಿದ್ದಳು. ಕಟ್ಟಿಗೆಗೆ ಕಬ್ಬಿಣ ತಾಗಿತು. ಮತ್ತೆ ತಾಗಿತು. ನೀಲವ್ವ ಬೈದಳು: ಬಾಗಿಲನ್ನು, ಬಡಿಗನನ್ನು, ಅಗಳಿ ಕಂಡುಹಿಡಿದವನನ್ನು. ಝಣ್ಣೆಂದು ನರ ಹರಿಯಿತು. ಅದರ ಹಿಂದೆಯೇ ಬಾಗಿಲು ಗೋಡೆಗೆ ಬಡಿಯಿತು.

"ಮೈ ಎಲ್ಲಾ ಒದ್ದಿ ಆಗೇತಿ ಜೈತೂ. ಕಣ್ಣ ತಗದಾಳ, ನನ್ನ ನೋಡವಲ್ಲಳು. ನೀರಾಗ ಕಲಿಸಿ ಕುಡಸ್ಲೇನು?"

"ಬ್ಯಾಡ! ನೀರ ಕುಡಸಬ್ಯಾಡ, ನೆತ್ತಿಗೆ ಹತ್ತತೈತಿ. ಮಗ್ಗಲಾಗಿ ಹೊಳ್ಳಸು. ಬೆಲ್ಲ ಪುಡಿ ಮಾಡಿ ಗಲ್ಲದ ಒಳಗ ತಿಕ್ಕು. ತಿಕ್ಕತಽ ಇರು."

"ತಿಕ್ಕಾಕ ಹತ್ತೀನಿ. ನುಂಗಬೇ ದಾವಲಬಿ. ನಿನ್ನ ಮಾವ ಬಂದಾನ ನುಂಗು..."

ಪರದೆಯ ಮೇಲೆ ನಲವತ್ತಾರು. ಗೆರೆ ಕೆಂಪಾಯಿತು.

"ನುಂಗಿದ್ಲು," ಎಂದಳು ನೀಲವ್ವ.

ನಲವತ್ತೊಂದು.

"ಮತ್ತ ನುಂಗಿದ್ಲು. ನಾಲಿಗಿ ಆಡಸಾಕ ಹತ್ಯಾಳ."

ಮೂವತ್ತೇಳು. ಕಿವಿಯಲ್ಲಿ ಒಬ್ಬ ಅವ್ವ, ಕಣ್ಣೆದುರು ಇನ್ನೊಬ್ಬಳು. ಒಬ್ಬಳು ನುಂಗುತ್ತಿದ್ದಳು, ಒಬ್ಬಳು ಸಾಯುತ್ತಿದ್ದಳು. ಯಾರನ್ನು ನಂಬಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಜೈತೂನ ಪರದೆಗೆ ಬೆನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ ನಿಂತಳು. ಎರಡೂ ಕೈಯಿಂದ ಫೋನನ್ನು ಕಿವಿಗೆ ಒತ್ತಿಕೊಂಡಳು.

ಬಹಳ ಹೊತ್ತಿನ ಮೇಲೆ ಒಂದು ತೊದಲು ದನಿ ಕೇಳಿಸಿತು. ಅದರಲ್ಲಿ ಸಿಟ್ಟಿತ್ತು.

"ಯಾರು ತಿನಸಿದ್ರಿ ನನಗ?"

ಹಿಂದೆ ಚನ್ನವೀರ ಮೆಲ್ಲಗೆ ಹೇಳಿದ: "ಮೇಡಂ. ನಿಂತ್ತು."

*

ಮರುದಿನ ಚಂದ್ರನನ್ನು ಯಾರೂ ಕೇಳಲಿಲ್ಲ. ತಿಂಗಳು ತುಂಬಿತ್ತು, ಹಬ್ಬ ತಾನೇ ಬಂತು. ಓಣಿಯಲ್ಲಿ ಹೊಸ ಬಟ್ಟೆಯ ಸರಭರವಿತ್ತು, ಆದರೆ ಜನ ಮೆತ್ತಗೆ ಮಾತಾಡುತ್ತಿದ್ದರು. ಅತ್ತರಿನ ಅಂಗಡಿಯ ಮಕ್ತುಮಸಾಬ ಹಿಂದಿನ ದಿನ ಸಕ್ಕರೆ ಇಳಿದು ಬಚ್ಚಲಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದ, ಇನ್ನೂ ಕಣ್ಣು ತೆರೆದಿರಲಿಲ್ಲ.

ಡಾಕ್ಟರ್ ಹೆಬ್ಬಳ್ಳಿ ಮಧ್ಯಾಹ್ನ ಅವರ ಮನೆಗೆ ಒಬ್ಬರೇ ಬಂದರು. ಬೂಟು ಹೊರಗೆ ಬಿಟ್ಟು, ತಲೆ ತಗ್ಗಿಸಿ ಒಳಗೆ ಬಂದು, ಹತ್ತಿಯ ಕೋಣೆಯಲ್ಲಿ ಗಾದಿಯ ಮೇಲೆ ಕೂತರು. ನರ ಹರಿದ ಬಿಲ್ಲು ಮೂಲೆಯಲ್ಲಿತ್ತು. ದಾವಲಬಿ ಎದುರು ಕೂತಿದ್ದಳು, ಮುಖ ಇನ್ನೂ ಸ್ವಲ್ಪ ಊದಿಕೊಂಡಿತ್ತು. ಮಡಿಲಲ್ಲಿ ಒಂದಿಷ್ಟು ಹತ್ತಿ. ಬೆರಳುಗಳು ತಾವಾಗಿಯೇ ಬೀಜ ಹುಡುಕುತ್ತಿದ್ದವು.

"ತಪ್ಪಾಗೇದ್ರಿ ಅವ್ವಾರ," ಎಂದರು ಹೆಬ್ಬಳ್ಳಿ. ಪೀಠಿಕೆಯಿಲ್ಲದೆ ಹೇಳಿದರು. "ಮೈಕು ಬ್ಯಾಡ ಅಂದಿದ್ದೂ ನಂದಽ ತಪ್ಪು. ನಿಮ್ಮ ಮಗಳು ಕೇಳಲಿಲ್ಲ, ಪುಣ್ಯಾ."

"ಆಕಿ ನನ್ನ ಮಾತೂ ಕೇಳೂದಿಲ್ಲ," ಎಂದಳು ದಾವಲಬಿ. "ಸುರಕುಂಬಾ ತಗೋರಿ."

ಜೈತೂನ ಬಟ್ಟಲು ತಂದಿಟ್ಟಳು. ಹಾಲು, ಶಾವಿಗೆ, ಖರ್ಜೂರ, ತುಪ್ಪದಲ್ಲಿ ಹುರಿದ ಗೋಡಂಬಿ. ಹೆಬ್ಬಳ್ಳಿ ಬಟ್ಟಲನ್ನು ಮುಖದ ಹತ್ತಿರ ತಂದಾಗ ಅವರ ಕಣ್ಣುಗಳು ಅವರಿಗೆ ಗೊತ್ತಿಲ್ಲದೆಯೇ ಮುಚ್ಚಿದವು. ಒಂದು ಚಮಚ ತಿಂದರು.

"ನೀವು ತಿಂತೀರಿ ಅಂತ ನಿಮ್ಮ ಹೊಟ್ಟಿಗೆ ಯಾರು ಹೇಳಿದ್ರು ಈಗ?" ಎಂದಳು ದಾವಲಬಿ.

ಅವರು ನಕ್ಕರು. "ಯಾರೂ ಇಲ್ಲ. ವಾಸನಿ ಬಂತಲ್ಲ."

"ನನ್ನ ಹೊಟ್ಟಿಗೆ ನೀವು ಹೇಳಿದ್ರಿ."

ಹೆಬ್ಬಳ್ಳಿ ಚಮಚ ಕೆಳಗಿಟ್ಟರು.

"ಮಲಗಿದ್ನಲ್ಲ, ಅವಾಗ ಹಂಗಽ ಕನಸು ಬಿದ್ದಿತ್ತು. ಹೊಟ್ಟಿ ಹಬ್ಬ ಮಾಡಾಕ ಹತ್ತಿತ್ತು. ತಾಟಿನ ಮ್ಯಾಲ ತಾಟು. ನಾ ಬಾಗಿಲ ಹೊರಗ ನಿಂತು ನೋಡಾಕ ಹತ್ತಿದ್ದೆ. ಒಳಗ ಬಾ ಅಂತ ಯಾರೂ ಕರಿಲಿಲ್ಲ. ಅದು ನನ್ನ ಹೊಟ್ಟಿ, ನನ್ನ ಕೇಳದಽ ಉಣ್ಣಾಕ ಹತ್ತಿತ್ತು."

ಹೊರಗೆ ಓಣಿಯಲ್ಲಿ ನೀಲವ್ವ ಯಾರಿಗೋ ಬಾಗಿಲ ಕಥೆಯನ್ನು ಮತ್ತೆ ಹೇಳುತ್ತಿದ್ದಳು.

ಹೆಬ್ಬಳ್ಳಿ ಚೀಲದಿಂದ ಚಿಕ್ಕ ಬಿಳಿ ಪೆಟ್ಟಿಗೆಯೊಂದನ್ನು ತೆಗೆದು ಇಬ್ಬರ ನಡುವೆ ಗಾದಿಯ ಮೇಲಿಟ್ಟು ಮುಚ್ಚಳ ತೆರೆದರು. ಒಳಗೆ, ತಿಳಿ ದ್ರವದಲ್ಲಿ, ಹೊಸ ಗೂಡು. ಹಳೆಯದಕ್ಕಿಂತ ಚಿಕ್ಕದು. ನಡುವೆ ಸಣ್ಣ ಹೊಲಿಗೆಯಂಥ ಗೆರೆ.

"ಇದರಾಗ ಎರಡು ಕೋಣಿ ಅವ. ಒಂದರಾಗ ಇನ್ಸುಲಿನ್. ಇನ್ನೊಂದರಾಗ ಅದಕ್ಕ ಉಲ್ಟಾ ಕೆಲಸ ಮಾಡೂ ರಸ. ಸಕ್ಕರಿ ಇಳಿದ್ರ ತಾನಽ ಬಿಡ್ತದ, ಯಕೃತ್ತಿನ ಕೈ ತೆರಸ್ತದ. ನಿನ್ನೆ ಇದು ಇದ್ದಿದ್ರ ನೀವು ನಿದ್ದಿಯಿಂದ ಏಳೂದಽ ಬೇಕಿರಲಿಲ್ಲ. ರಾಜ್ಯದಾಗ ಇನ್ನೂ ಯಾರಿಗೂ ಕೊಟ್ಟಿಲ್ಲ. ನಿಮಗ ಮೊದಲು. ಮತ್ತ ಇನ್ನ ಮ್ಯಾಲ ಚಂದ್ರನ ಸುದ್ದಿ ಪೇಶಇಮಾಮರಿಂದ ಸೀದಾ ನಮ್ಮ ಕಂಪ್ಯೂಟರಿಗೆ ಬರ್ತದ. ತಾರೀಖು ಹಾಕೂ ಮಾತಽ ಇಲ್ಲ."

ಆ ಪೆಟ್ಟಿಗೆಯೊಳಗಿನದಕ್ಕಾಗಿ ಎಷ್ಟು ಜನ ಕಾಯುತ್ತಿದ್ದಾರೆಂದು ಜೈತೂನಳಿಗೆ ಗೊತ್ತಿತ್ತು. ಹೆಬ್ಬಳ್ಳಿ ಹೇಳಿದ್ದರಲ್ಲಿ ಸುಳ್ಳಿಲ್ಲವೆಂದೂ ಗೊತ್ತಿತ್ತು.

ದಾವಲಬಿ ಬಗ್ಗಿ ನೋಡಿದಳು. ಮುಟ್ಟಲಿಲ್ಲ. "ಛಲೋ ಐತಿ. ಇದಕ್ಕೊಂದು ಗುಂಡಿ ಮಾಡಿ ನನ್ನ ಕೈಯಾಗ ಕೊಡ್ತೀರೇನು? ನಾ ಉಣ್ಣೂ ಮುಂದ ನಾನಽ ಒತ್ತತೀನಿ."

ಹೆಬ್ಬಳ್ಳಿ ತಲೆಯಾಡಿಸಿದರು. ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು. "ಅದು ಆಗೂದಿಲ್ರಿ. ಮೊದಲು ಹಂಗಽ ಮಾಡಿದ್ವಿ. ಮಂದಿ ಒತ್ತೂದು ಮರೀತಿದ್ರು. ಒತ್ತಿದ್ದು ಮರೆತು ಇನ್ನೊಮ್ಮೆ ಒತ್ತತಿದ್ರು. ಸತ್ತವರೂ ಅದಾರ. ಎಲ್ಲಾರೂ ಪಂಕ್ತಿಯೊಳಗ ಇದ್ರಽ ಲೆಕ್ಕ ಸರಿ ಬರ್ತದ. ಮನುಷ್ಯಾನ ಕೈ ತಪ್ಪು ಮಾಡ್ತದ ಅವ್ವಾರ."

"ಈ ಸಲ ತಪ್ಪು ಮಾಡಿದ ಕೈ ನಂದಾಗಿರಲಿಲ್ಲ."

"ಅವ್ವಾ," ಎಂದಳು ಜೈತೂನ. ಪಕ್ಕಕ್ಕೆ ಕೂತು ಅವ್ವನ ಮೊಣಕೈ ಹಿಡಿದಳು. "ಇದು ಬ್ಯಾರೆ ಅವ್ವಾ. ಇದು ಕಾಯತೈತಿ ನಿನ್ನ. ನಾ ಅಲ್ಲೇ ಇರ್ತೀನಿ, ನಿನ್ನ ಪಂಕ್ತಿ ಮುಂದ ನಾನಽ ಕೂಡತೀನಿ. ಗೂಡು ತಗಸಿದ್ರ ಮತ್ತ ಸೂಜಿ. ದಿನಾ ನಾಲ್ಕು. ಮುಂದಿನ ವರ್ಷ ರೋಜಾ ಹಿಡಿಯಾಕ ಬರೂದಿಲ್ಲ ನಿನಗ. ಮತ್ತ ಬಾಗಲಾ ಹಾಕ್ಕೊಂಡು, ಗ್ವಾಡಿಗೆ ಮಾರಿ ಮಾಡಿ..."

ದಾವಲಬಿ ಮಗಳ ಮುಖ ನೋಡಿದಳು. ಅಂದಿನ ತನ್ನ ಬೆನ್ನನ್ನು ಮಗಳು ನೋಡಿದ್ದಳೆಂದು ಅವಳಿಗೆ ಈವರೆಗೆ ಗೊತ್ತಿರಲಿಲ್ಲ. ಕೈ ಬಿಡಿಸಿಕೊಂಡು ಮಗಳ ತಲೆಯ ಮೇಲಿಂದ ಹತ್ತಿಯ ಎಳೆಯೊಂದನ್ನು ತೆಗೆದಳು. ಮಡಿಲ ಹತ್ತಿಯಲ್ಲಿ ಸಿಕ್ಕ ಬೀಜವನ್ನು ಪೆಟ್ಟಿಗೆಯ ಪಕ್ಕದಲ್ಲಿಟ್ಟಳು.

"ಸೂಜಿನಽ ಇರಲಿ. ಬಾಗಲಾ ತೆರದಿಟ್ಟಽ ಉಣ್ಣತೀನಿ," ಎಂದಳು.

ಹೆಬ್ಬಳ್ಳಿ ಪೆಟ್ಟಿಗೆಯನ್ನು ಎರಡು ಬೆರಳಿನಿಂದ ಅವಳ ಕಡೆಗೆ ಇನ್ನಷ್ಟು ಸರಿಸಿದರು. "ಈಗಽ ಹೇಳಬ್ಯಾಡ್ರಿ. ಇದು ಇಲ್ಲೇ ಇರಲಿ. ಎರಡು ದಿನ ವಿಚಾರ ಮಾಡ್ರಿ."

"ಬ್ಯಾಡ," ಎಂದಳು ದಾವಲಬಿ.